ಪ್ರಾಸ್ಟೇಟ್ ಬಯಾಪ್ಸಿಗೆ ಹೋಗುವ ಮುನ್ನ ನಿಮ್ಮ ಗುಳಿಗೆ ಚೀಲ ಬಿಚ್ಚಿ ನೋಡಿ

ನಮ್ಮ ಸೋದರಮಾವ ಸಿಂಧನೂರು ಕಡೆಯ ಹಳ್ಳಿಯವರು. ಭತ್ತ ಬೆಳೆಯುತ್ತಾರೆ. ವಯಸ್ಸು 68. ರಾತ್ರಿ ನಾಲ್ಕೈದು ಸಲ ಎದ್ದು ಒಂದಕ್ಕೆ ಹೋಗುವುದು ಜಾಸ್ತಿಯಾಯಿತು ಅಂತ ರಾಯಚೂರಿಗೆ ಕರೆದುಕೊಂಡು ಬಂದೆವು. ರಕ್ತದಲ್ಲಿ ಪಿಎಸ್‌ಎ 11 ಬಂತು. ಪಿಎಸ್‌ಎ ಅಂದರೆ ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಬರುವ ಒಂದು ಪ್ರೋಟೀನು, 11 ಅಂದರೆ ಜಾಸ್ತಿ. ಬಯಾಪ್ಸಿ, ಅಂದರೆ ಗ್ರಂಥಿಯ ಸಣ್ಣ ಚೂರು ತೆಗೆದು ಕ್ಯಾನ್ಸರ್ ಇದೆಯಾ ಅಂತ ನೋಡುವ ಪರೀಕ್ಷೆ, ಮಾಡಬೇಕಾಗಬಹುದು ಅಂದರು ಯುರಾಲಜಿ (ಮೂತ್ರರೋಗ) ಡಾಕ್ಟರು. ಹಾಗೆ ಹೇಳಿದವರೇ ಒಂದು ಪ್ರಶ್ನೆ ಕೇಳಿದರು: "ಈ ಆರು ತಿಂಗಳಲ್ಲಿ ಆಂಟಿಬಯೋಟಿಕ್ ಏನಾದರೂ ತಗೊಂಡಿದ್ದೀರಾ?"

"ಇಲ್ರಿ ಸಾಹೇಬ್ರ, ನಾ ಅಂಥಾವೆಲ್ಲ ಮುಟ್ಟಾಂಗಿಲ್ಲ" ಅಂದರು ಮಾವ.

ಮನೆಗೆ ಬಂದ ಮೇಲೆ ಸುಮ್ನೆ ಅವರ ಕ್ಯಾರಿಬ್ಯಾಗ್ ಬಿಚ್ಚಿದೆ. ಬಿಪಿ ಗುಳಿಗೆ, ಸಕ್ಕರೆ ಕಾಯಿಲೆಯ ಗುಳಿಗೆ, ಗ್ಯಾಸ್ ಗುಳಿಗೆ. ಅವುಗಳ ನಡುವೆ ಆಫ್ಲಾಕ್ಸಾಸಿನ್ ಪಟ್ಟಿ, ಹತ್ತರಲ್ಲಿ ಆರು ಖಾಲಿ. "ಮಾವ, ಇದೇನು?" ಅಂದೆ. "ಅದು ಭೇದಿ ಗುಳಿಗಿ. ಆಂಟಿಬಯೋಟಿಕ್ ಎಲ್ಲೈತಿ ಅದ್ರಾಗ?" ಅಂದರು. ಅದೇ ಆಂಟಿಬಯೋಟಿಕ್. ಬಯಾಪ್ಸಿಯಿಂದ ಸೋಂಕು ಬರದಿರಲಿ ಅಂತ ಡಾಕ್ಟರು ಮುಂಚೆ ಕೊಡಬೇಕು ಅಂತಿದ್ದ ಸಿಪ್ರೊಫ್ಲಾಕ್ಸಾಸಿನ್‌ಗೆ ಒಡಹುಟ್ಟಿದ ತಮ್ಮನಂಥದ್ದು.

ನಾನು ಡಾಕ್ಟರಲ್ಲ. ರಾಯಚೂರಿನ ಒಂದು ಲ್ಯಾಬಿನ ಕಲ್ಚರ್ ವಿಭಾಗದಲ್ಲಿ, ಅಂದರೆ ಮೂತ್ರ, ರಕ್ತದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಡೆ, ಟೆಕ್ನಿಷಿಯನ್. ದಿನಾ ಬೆಳಿಗ್ಗೆ ಪ್ಲೇಟುಗಳ ಮೇಲೆ ಬೆಳೆದ ಬ್ಯಾಕ್ಟೀರಿಯಾ ನೋಡುವುದೇ ನನ್ನ ಕೆಲಸ. ಹಾಗಾಗಿ ಈ ವಿಷಯ ನನಗೆ ಪ್ಲೇಟಿನ ಕಡೆಯಿಂದ ಗೊತ್ತು, ಮಾವನ ಜೊತೆ ಓಡಾಡಿದ್ದರಿಂದ ಮನೆಯ ಕಡೆಯಿಂದಲೂ ಗೊತ್ತಾಯಿತು. ಯಾವ ಔಷಧಿ, ಎಷ್ಟು ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಅವರು ಸರಿಯಾಗಿ ಹೇಳಬೇಕಾದರೆ ನೀವು ಏನೇನು ಹೇಳಬೇಕು, ಏನು ಕೇಳಬೇಕು, ಯಾವಾಗ ಓಡಬೇಕು ಅನ್ನುವುದಷ್ಟೇ ಇಲ್ಲಿದೆ.

ಸೋಂಕು ಬರುವುದು ಎಲ್ಲಿಂದ

ಪ್ರಾಸ್ಟೇಟ್ ಮೂತ್ರಚೀಲದ ಕೆಳಗೆ, ಗುದನಾಳದ ಮುಂದೆ ಕೂತಿರುವ ಗ್ರಂಥಿ. ಹರೆಯದಲ್ಲಿ ಸುಮಾರು 20 ಗ್ರಾಂ ತೂಗುತ್ತದೆ. ವಯಸ್ಸಾದಂತೆ ದಪ್ಪಗಾಗುತ್ತದೆ. ಅದನ್ನು ಮುಟ್ಟಲು ಹತ್ತಿರದ ದಾರಿ ಗುದನಾಳ. ಅದಕ್ಕೇ ಬಹಳ ವರ್ಷಗಳಿಂದ ನಡೆದುಬಂದ ಪದ್ಧತಿ ಹೀಗೆ: ಗುದದ್ವಾರದೊಳಗೆ ಬೆರಳುಗಾತ್ರದ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟು, ಪರದೆಯ ಮೇಲೆ ಗ್ರಂಥಿ ನೋಡುತ್ತಾ, ಗುದನಾಳದ ಗೋಡೆಯ ಮೂಲಕ ಸೂಜಿ ಹಾಯಿಸಿ 10–12 ಸಣ್ಣ ಎಳೆಗಳನ್ನು ತೆಗೆಯುವುದು.

ಮಾವನಿಗೆ ನಾನು ಅಕ್ಕಿ ಮಿಲ್ಲಿನ ಲೆಕ್ಕದಲ್ಲಿ ಹೇಳಿದೆ. ಮೂಟೆಗೆ ಚೂಪು ಕೊಳವೆ ಚುಚ್ಚಿ ಕಾಳು ತೆಗೆದು ನೋಡುತ್ತಾರಲ್ಲ, ಹಾಗೆ. ಆದರೆ ಇಲ್ಲಿ ಮೂಟೆಯ ಹೊರಗೆ ಸೆಗಣಿ ಮೆತ್ತಿದೆ ಅಂದುಕೊಳ್ಳಿ. ಪ್ರತಿ ಸಲ ಚುಚ್ಚಿದಾಗಲೂ ಆ ಕೊಳವೆ ಒಂದಿಷ್ಟು ಸೆಗಣಿಯನ್ನೂ ಒಳಗೆ ಒಯ್ಯುತ್ತದೆ. ಹನ್ನೆರಡು ಸಲ ಚುಚ್ಚಿದರೆ ಹನ್ನೆರಡು ಸಲ. ಮಲದಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಅವುಗಳಲ್ಲಿ ಇ. ಕೋಲಿ ಅನ್ನುವುದು ಮುಖ್ಯ. ಕರುಳಲ್ಲಿ ಇದ್ದಷ್ಟು ದಿನ ಅದು ಯಾರಿಗೂ ತೊಂದರೆ ಕೊಡದೆ ಬದುಕುತ್ತದೆ. ಗ್ರಂಥಿಗೆ, ಮೂತ್ರಕ್ಕೆ, ರಕ್ತಕ್ಕೆ ಹೋದರೆ ಮಾತ್ರ ಕಥೆ ಬೇರೆ. ಬಯಾಪ್ಸಿ ನಂತರದ ಸೋಂಕುಗಳಲ್ಲಿ ಹೆಚ್ಚಿನವು ಇ. ಕೋಲಿಯಿಂದಲೇ ಬರುತ್ತವೆ.

ಹಾಗಂತ ಹೆದರಬೇಡಿ. ಬಹಳ ಜನರಿಗೆ ಏನೂ ಆಗುವುದಿಲ್ಲ. ಆದರೆ ಈ ಅಪಾಯ ಏರುತ್ತಾ ಬಂದದ್ದು ನಿಜ. ಕೆನಡಾದ ಒಂಟಾರಿಯೊದಲ್ಲಿ ಒಂದು ಲೆಕ್ಕ ತೆಗೆದಿದ್ದರು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲ ಎಂದು ಬಂದ ಗಂಡಸರಲ್ಲಿ, 30 ದಿನದೊಳಗೆ ಆಸ್ಪತ್ರೆ ಸೇರಿದವರು 1996ರಲ್ಲಿ ಶೇ. 1 ಇದ್ದರು. 2005ಕ್ಕೆ ಅದು ಶೇ. 4.1 ಆಯಿತು. ಹೆಚ್ಚಿನವರು ಸೇರಿದ್ದು ಸೋಂಕಿನಿಂದ. ಸೂಜಿ ಅದೇ, ಗ್ರಂಥಿಯೂ ಅದೇ. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಜಾಸ್ತಿಯಾದದ್ದು ಇದಕ್ಕೆ ದೊಡ್ಡ ಕಾರಣ ಅಂತ ತಜ್ಞರು ನೋಡುತ್ತಾರೆ.

ಮೊದಲು: ಬಯಾಪ್ಸಿ ಬೇಕೇ ಬೇಕಾ ಅಂತ ಕೇಳಿ

ಮಾಡಿಸದ ಬಯಾಪ್ಸಿಯಿಂದ ಸೋಂಕು ಬರುವುದಿಲ್ಲ. ಇದು ತಮಾಷೆಯಲ್ಲ. ಪಿಎಸ್‌ಎ ಏರುವುದು ಕ್ಯಾನ್ಸರ್‌ನಿಂದ ಮಾತ್ರವಲ್ಲ. ಗ್ರಂಥಿ ದಪ್ಪಗಾದರೂ ಏರುತ್ತದೆ. ಮೂತ್ರದಲ್ಲಿ ಸೋಂಕಿದ್ದರೆ, ಮೂತ್ರದ ನಳಿಗೆ (ಕ್ಯಾಥೆಟರ್) ಹಾಕಿದ್ದರೆ ಇನ್ನೂ ಏರುತ್ತದೆ. ಉರಿಮೂತ್ರ ಇದ್ದಾಗ ಮಾಡಿಸಿದ ಪಿಎಸ್‌ಎಯನ್ನು ನಂಬಿ ಮುಂದೆ ಹೋಗಬೇಡಿ. ಸೋಂಕು ವಾಸಿಯಾಗಿ ಕೆಲವು ವಾರ ಕಳೆದ ಮೇಲೆ ಮತ್ತೊಮ್ಮೆ ನೋಡೋಣವೇ ಅಂತ ಡಾಕ್ಟರನ್ನು ಕೇಳಿ.

ಎರಡನೆಯದು ಎಂಆರ್‌ಐ. 2018ರಲ್ಲಿ ಪ್ರಕಟವಾದ ಪ್ರಿಸಿಷನ್ ಅನ್ನುವ ಅಧ್ಯಯನದಲ್ಲಿ 500 ಗಂಡಸರಿದ್ದರು. ಮೊದಲು ಎಂಆರ್‌ಐ ಮಾಡಿಸಿದ ಗುಂಪಿನಲ್ಲಿ ಶೇ. 28 ಜನರಿಗೆ ಬಯಾಪ್ಸಿ ಬೇಕಾಗಲೇ ಇಲ್ಲ. ಎಂಆರ್‌ಐಗೆ ದುಡ್ಡು ಖರ್ಚಾಗುತ್ತದೆ, ನಮ್ಮ ಕಡೆ ಸರದಿಯೂ ಕಾಯಬೇಕು. ಆದರೂ ಕೇಳುವುದರಲ್ಲಿ ತಪ್ಪಿಲ್ಲ. ಮಾವನ ಎಂಆರ್‌ಐನಲ್ಲಿ ಅನುಮಾನದ ಜಾಗ ಕಾಣಿಸಿತು. ಹಾಗಾಗಿ ಬಯಾಪ್ಸಿ ಖಾಯಂ ಆಯಿತು.

ಆಮೇಲೆ: ಆರು ತಿಂಗಳ ಗುಳಿಗೆ ಚೀಟಿ

ಇಡೀ ಲೇಖನದಲ್ಲಿ ಒಂದೇ ಒಂದು ಭಾಗ ಓದುತ್ತೀರಿ ಅಂದರೆ ಇದನ್ನು ಓದಿ.

ನೀವು ಒಂದು ಆಂಟಿಬಯೋಟಿಕ್ ನುಂಗಿದಾಗ ಅದು ಕೆಮ್ಮಿಗೋ ಭೇದಿಗೋ ಮಾತ್ರ ಕೆಲಸ ಮಾಡುವುದಿಲ್ಲ. ಕರುಳೊಳಗೂ ಇಳಿಯುತ್ತದೆ. ಅಲ್ಲಿರುವ ಬಡ ಬ್ಯಾಕ್ಟೀರಿಯಾಗಳೆಲ್ಲ ಸಾಯುತ್ತವೆ. ಆ ಮದ್ದಿಗೆ ಜಗ್ಗದವು ಉಳಿಯುತ್ತವೆ, ಖಾಲಿಯಾದ ಜಾಗದಲ್ಲಿ ಅವೇ ಬೆಳೆಯುತ್ತವೆ. ಗದ್ದೆಗೆ ಒಂದೇ ಕಳೆನಾಶಕ ವರ್ಷ ವರ್ಷ ಹೊಡೆದರೆ ಕೊನೆಗೆ ಆ ಎಣ್ಣೆಗೆ ಸಾಯದ ಕಳೆಯೇ ಉಳಿಯುತ್ತದಲ್ಲ, ಅದೇ ಲೆಕ್ಕ. ಇದನ್ನು ಮಾವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. "ಹಂಗಂದ್ರ ನನ್ನ ಹೊಟ್ಟ್ಯಾಗ ಕಳಿ ಬೆಳದೈತಿ ಅನ್ನು" ಅಂದರು.

ನಂತರ ಬಯಾಪ್ಸಿಗೆ ಅಂತ ಅದೇ ಜಾತಿಯ ಮದ್ದು ಕೊಟ್ಟರೆ ಏನು ಪ್ರಯೋಜನ? ಸೂಜಿ ಒಳಗೆ ಒಯ್ಯುವುದೇ ಆ ಮದ್ದಿಗೆ ಸಾಯದವನ್ನು.

ಲ್ಯಾಬಿನಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಪ್ಲೇಟಿನ ಮೇಲೆ ಬ್ಯಾಕ್ಟೀರಿಯಾ ಹಚ್ಚಿ, ಔಷಧಿ ಇರುವ ಪುಟ್ಟ ಕಾಗದದ ಬಿಲ್ಲೆ ಇಡುತ್ತೇವೆ. ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ಬಯಲು ಉಳಿಯುತ್ತದೆ. ಸಿಪ್ರೊಫ್ಲಾಕ್ಸಾಸಿನ್‌ಗೆ ಆ ಬಯಲಿನ ಅಡ್ಡಗಲ 26 ಮಿಲಿಮೀಟರ್ ಅಥವಾ ಜಾಸ್ತಿ ಇದ್ದರೆ ಇ. ಕೋಲಿ ಆ ಮದ್ದಿಗೆ ಬಗ್ಗುತ್ತದೆ ಅಂತ ಬರೆಯುತ್ತೇವೆ. ನಾನು ಈ ಕೆಲಸಕ್ಕೆ ಸೇರಿದಾಗಿನಿಂದ ನೋಡುತ್ತಿದ್ದೇನೆ. ಸಿಪ್ರೊ ಬಿಲ್ಲೆಯ ಅಂಚಿನವರೆಗೂ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆದ ಪ್ಲೇಟುಗಳೇ ಜಾಸ್ತಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವರದಿಗಳೂ ಇದನ್ನೇ ಹೇಳುತ್ತವೆ: ದೇಶದ ದೊಡ್ಡ ಆಸ್ಪತ್ರೆಗಳಲ್ಲಿ ಸಿಗುವ ಇ. ಕೋಲಿಗಳಲ್ಲಿ ಬಹುಪಾಲು ಸಿಪ್ರೊಫ್ಲಾಕ್ಸಾಸಿನ್‌ಗೆ ಸಾಯುವುದಿಲ್ಲ.

ಹಾಗಾಗಿ ಒಂದು ಚೀಟಿ ಬರೆಯಿರಿ. ಅದರಲ್ಲಿ ಏನಿರಬೇಕು?

ಕಳೆದ ಆರು ತಿಂಗಳಲ್ಲಿ ನುಂಗಿದ, ಚುಚ್ಚಿಸಿಕೊಂಡ ಎಲ್ಲವೂ. ಭೇದಿಗೆ ತಂದ ಗುಳಿಗೆ, ಹಲ್ಲುನೋವಿಗೆ ಮೆಡಿಕಲ್ ಅಂಗಡಿಯವರು ಕೊಟ್ಟದ್ದು, ಊರಿನ ಆರ್‌ಎಂಪಿ ಡಾಕ್ಟರು ಜ್ವರಕ್ಕೆ ಮಾಡಿದ ಇಂಜೆಕ್ಷನ್, ಗಾಯಕ್ಕೆ ತಗೊಂಡ ಕ್ಯಾಪ್ಸೂಲ್. ಹೆಸರು ಗೊತ್ತಿಲ್ಲವೇ? ಪಟ್ಟಿಯನ್ನೇ ಒಯ್ಯಿರಿ. ಖಾಲಿ ಪಟ್ಟಿಯಾದರೂ ಪರವಾಗಿಲ್ಲ. ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಔಷಧಿ. ಅಂಥದ್ದನ್ನು ಖಂಡಿತ ತೋರಿಸಿ. ಹೆಸರಿನ ಕೊನೆಯಲ್ಲಿ "ಫ್ಲಾಕ್ಸಾಸಿನ್" ಅಂತ ಇದ್ದರೆ ದುಂಡಗೆ ಗುರುತು ಹಾಕಿ. ಸಿಪ್ರೊ, ಆಫ್ಲೊ, ಲಿವೊ, ನಾರ್ ಎಲ್ಲ ಒಂದೇ ಮನೆಯವು. ಒಂದಕ್ಕೆ ಬಗ್ಗದ್ದು ಸಾಮಾನ್ಯವಾಗಿ ಇನ್ನೊಂದಕ್ಕೂ ಬಗ್ಗುವುದಿಲ್ಲ.

ಚೀಟಿಯ ಹಿಂಬದಿಗೆ ಇಷ್ಟು ಬರೆದಿರಲಿ: ಇತ್ತೀಚೆಗೆ ಆಸ್ಪತ್ರೆಯಲ್ಲಿ ಮಲಗಿದ್ದಿರಾ, ಹಿಂದೆ ಬಯಾಪ್ಸಿ ಆಗಿ ಜ್ವರ ಬಂದಿತ್ತಾ, ಕ್ಯಾಥೆಟರ್ ಇದೆಯಾ, ಸಕ್ಕರೆ ಕಾಯಿಲೆ ಇದೆಯಾ, ಸ್ಟಿರಾಯ್ಡ್ ಗುಳಿಗೆ ನಡೆದಿದೆಯಾ, ಹೃದಯದ ಕವಾಟ ಬದಲಿಸಿದ್ದಾರಾ. ಇವೆಲ್ಲ ಸೋಂಕಿನ ಲೆಕ್ಕವನ್ನು ಬದಲಿಸುತ್ತವೆ. ಪೆನಿಸಿಲಿನ್ ಅಥವಾ ಅಯೋಡಿನ್ ಹಿಡಿಸದಿದ್ದರೆ ಅದನ್ನೂ ದೊಡ್ಡಕ್ಷರದಲ್ಲಿ ಬರೆಯಿರಿ. ರಕ್ತ ತೆಳ್ಳಗಾಗಿಸುವ ಗುಳಿಗೆ ಇದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಕೇಳಿ ನಿಲ್ಲಿಸಿ. ಕಡಿಮೆ ಡೋಸಿನ ಆಸ್ಪಿರಿನ್ ಅನ್ನು ಎಷ್ಟೋ ಸಲ ಮುಂದುವರಿಸಲು ಹೇಳುತ್ತಾರೆ. ಕ್ಲೋಪಿಡೊಗ್ರೆಲ್, ವಾರ್ಫರಿನ್ ಲೆಕ್ಕ ಬೇರೆ.

ಮೂತ್ರದ ಕಲ್ಚರ್: ಮನೆಯಿಂದ ಬಾಟಲಿ ತರಬೇಡಿ

ಇದು ನನ್ನ ಕೆಲಸದ ದೂರು, ಸ್ವಲ್ಪ ಸಹಿಸಿಕೊಳ್ಳಿ. ಮೂತ್ರದಲ್ಲಿ ಸೋಂಕು ಇರುವಾಗ ಬಯಾಪ್ಸಿ ಮಾಡಬಾರದು. ಮೊದಲು ಅದನ್ನು ವಾಸಿ ಮಾಡಿ, ಆಮೇಲೆ ಸೂಜಿ. ಅದಕ್ಕೇ ಮುಂಚೆ ಮೂತ್ರ ಪರೀಕ್ಷೆ, ಬೇಕಾದರೆ ಕಲ್ಚರ್ ಮಾಡಿಸುತ್ತಾರೆ. ಆದರೆ ಲಿಂಗಸುಗೂರು, ದೇವದುರ್ಗ ಕಡೆಯವರು ಬೆಳಿಗ್ಗೆ ಮನೆಯಲ್ಲೇ ಹಿಡಿದು, ಟಾನಿಕ್ ಬಾಟಲಿಗೆ ತುಂಬಿ, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ತರುತ್ತಾರೆ. ರಾಯಚೂರಿನ ಏಪ್ರಿಲ್ ಬಿಸಿಲು 42 ಡಿಗ್ರಿ. ಬೆಚ್ಚಗಿನ ಜಾಗದಲ್ಲಿ ಇ. ಕೋಲಿ ಸುಮಾರು 20 ನಿಮಿಷಕ್ಕೊಮ್ಮೆ ಎರಡರಷ್ಟಾಗಬಲ್ಲದು. ಎರಡು ತಾಸು ದಾರಿ ಸವೆದು ಬಂದ ಬಾಟಲಿಯಲ್ಲಿ ಇಲ್ಲದ ಸೋಂಕೂ ಕಾಣಿಸುತ್ತದೆ. ಅದನ್ನು ನೋಡಿ ಬೇಡದ ಆಂಟಿಬಯೋಟಿಕ್ ಬರೆಯುತ್ತಾರೆ. ಹೊಟ್ಟೆಯೊಳಗೆ ಮತ್ತಷ್ಟು ಕಳೆ.

ಲ್ಯಾಬಿಗೆ ಬಂದು, ಅಲ್ಲೇ ಕೊಟ್ಟ ಮುಚ್ಚಳದ ಡಬ್ಬಿಯಲ್ಲಿ ಕೊಡಿ. ಶಿಶ್ನದ ತುದಿಯನ್ನು ನೀರಿನಿಂದ ತೊಳೆದುಕೊಳ್ಳಿ. ಮೊದಲು ಬರುವುದನ್ನು ಬಿಟ್ಟು, ನಡುವಿನದ್ದನ್ನು ಹಿಡಿಯಿರಿ. ಡಬ್ಬಿಯ ಒಳಗೆ ಬೆರಳು ಹಾಕಬೇಡಿ. ಎರಡು ತಾಸಿನೊಳಗೆ ನಮ್ಮ ಕೈ ಸೇರಬೇಕು, ಇಲ್ಲವಾದರೆ ಫ್ರಿಜ್ಜಿನಲ್ಲಿ ಇರಬೇಕು. ಕಲ್ಚರ್ ವರದಿಗೆ ಎರಡು ಮೂರು ದಿನ ಹಿಡಿಯುತ್ತದೆ. ನಾಳೆ ಬಯಾಪ್ಸಿ ಇಟ್ಟುಕೊಂಡು ಇವತ್ತು ಮೂತ್ರ ಕೊಟ್ಟರೆ ಏನೂ ಸಿಗುವುದಿಲ್ಲ. ವಾರದ ಮುಂಚೆ ಕೊಡಿ.

ಇನ್ನೊಂದು ಪರೀಕ್ಷೆ ಇದೆ, ಬಹಳ ಜನರಿಗೆ ಗೊತ್ತಿಲ್ಲ. ಗುದದ್ವಾರದೊಳಗೆ ಹತ್ತಿ ಸುತ್ತಿದ ಕಡ್ಡಿ ಒಂದು ಸಲ ಆಡಿಸಿ ತೆಗೆದು ಕಲ್ಚರ್‌ಗೆ ಕಳಿಸುವುದು. ರೆಕ್ಟಲ್ ಸ್ವಾಬ್ ಅನ್ನುತ್ತಾರೆ. ನಿಮ್ಮ ಕರುಳಲ್ಲಿ ಯಾವ ಮದ್ದಿಗೆ ಸಾಯದ ಬ್ಯಾಕ್ಟೀರಿಯಾ ಇದೆ ಅಂತ ಮುಂಚೆಯೇ ತಿಳಿಯುತ್ತದೆ. ಅದನ್ನು ನೋಡಿ ಮದ್ದು ಆರಿಸಬಹುದು. ಗುದನಾಳದ ಮೂಲಕ ಬಯಾಪ್ಸಿ ಮಾಡಿಸಿಕೊಳ್ಳುವವರಿಗೆ ಇದು ಬಹಳ ಉಪಯೋಗ. ಎಲ್ಲ ಲ್ಯಾಬುಗಳಲ್ಲೂ ಮಾಡುವುದಿಲ್ಲ. ಕೇಳಿ ನೋಡಿ. ಮಾವನಿಗೆ ಮಾಡಿಸಿದೆವು. ಪ್ಲೇಟನ್ನು ನಾನೇ ಓದಿದೆ. ಸಿಪ್ರೊ ಬಿಲ್ಲೆಯ ಸುತ್ತ ಬಯಲೇ ಇರಲಿಲ್ಲ. ಅಮಿಕಾಸಿನ್ ಬಿಲ್ಲೆಯ ಸುತ್ತ ಮಾತ್ರ ಚೆಂದದ ದುಂಡು ಬಯಲು.

ಸೂಜಿ ಯಾವ ದಾರಿಯಿಂದ?

ಗುದನಾಳ ಬಿಟ್ಟು ಇನ್ನೊಂದು ದಾರಿ ಇದೆ. ವೃಷಣಚೀಲಕ್ಕೂ ಗುದದ್ವಾರಕ್ಕೂ ನಡುವೆ ಇರುವ ಚರ್ಮದ ಮೂಲಕ ಸೂಜಿ ಹಾಕುವುದು. ಟ್ರಾನ್ಸ್‌ಪೆರಿನಿಯಲ್ ಬಯಾಪ್ಸಿ ಅಂತ ಹೆಸರು. ಪ್ರೋಬ್ ಒಳಗೇ ಇರುತ್ತದೆ, ಆದರೆ ಸೂಜಿ ಗುದನಾಳದ ಗೋಡೆ ದಾಟುವುದಿಲ್ಲ. ಚರ್ಮವನ್ನು ಚೆನ್ನಾಗಿ ಒರೆಸಿ ಶುದ್ಧ ಮಾಡಬಹುದು. ಗುದನಾಳವನ್ನು ಎಷ್ಟು ತೊಳೆದರೂ ಹಾಗೆ ಮಾಡಲಾಗದು. ಹೀಗಾಗಿ ಈ ದಾರಿಯಲ್ಲಿ ರಕ್ತಕ್ಕೆ ಸೋಂಕು ಏರುವುದು ಬಹಳ ಅಪರೂಪ, ಶೇ. 1ಕ್ಕಿಂತ ತೀರಾ ಕಡಿಮೆ. ನಾರ್ವೆ ಮತ್ತು ಜರ್ಮನಿಯ ಆಸ್ಪತ್ರೆಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ದಾರಿಯ ಬಯಾಪ್ಸಿಯನ್ನು ಅರ್ಧ ಜನರಿಗೆ ಆಂಟಿಬಯೋಟಿಕ್ ಇಲ್ಲದೆಯೇ ಮಾಡಿದರು. ಎರಡೂ ಗುಂಪಿನಲ್ಲಿ ಒಬ್ಬರಿಗೂ ರಕ್ತದ ಸೋಂಕು ಬರಲಿಲ್ಲ. ಯುರೋಪಿನ ಮೂತ್ರರೋಗ ತಜ್ಞರ ಸಂಘ ಈಗ ಈ ದಾರಿಯನ್ನೇ ಮುಂದಿಡುತ್ತದೆ.

ಇದಕ್ಕೂ ಕಷ್ಟಗಳಿವೆ. ನೋವು ಸ್ವಲ್ಪ ಜಾಸ್ತಿ ಅನ್ನಿಸಬಹುದು. ಎಲ್ಲ ಕಡೆ ಸಲಕರಣೆ, ಕಲಿತ ಕೈ ಇರುವುದಿಲ್ಲ. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಯವರು ಇದಕ್ಕಾಗಿ ಹೈದರಾಬಾದಿಗೋ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಬೇಕಾಗಬಹುದು. ಎಲ್ಲರೂ ಹೋಗಲೇಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಹಿಂದೆ ಬಯಾಪ್ಸಿಯಿಂದ ಸೋಂಕಾಗಿದ್ದರೆ, ಸ್ವಾಬಿನಲ್ಲಿ ಎಲ್ಲಕ್ಕೂ ಬಗ್ಗದ ಬ್ಯಾಕ್ಟೀರಿಯಾ ಸಿಕ್ಕಿದ್ದರೆ, ಆ ಪ್ರಯಾಣದ ಖರ್ಚು ಐಸಿಯು ಬಿಲ್ಲಿಗಿಂತ ಅಗ್ಗ. "ಡಾಕ್ಟರೇ, ನನಗೆ ಯಾವ ದಾರಿ? ಚರ್ಮದ ಕಡೆಯಿಂದ ಮಾಡಲು ಬರುತ್ತದಾ?" ಅಂತ ಬಾಯಿಬಿಟ್ಟು ಕೇಳಿ. ಕೇಳಿದರೆ ಡಾಕ್ಟರು ಬೈಯುವುದಿಲ್ಲ. ಬೈದರೂ ಕೇಳಿ.

ಯಾವ ಮದ್ದು, ಯಾವ ಹೊತ್ತಿಗೆ

ಬಯಾಪ್ಸಿಗೆ ಮುಂಚೆ ಕೊಡುವ ಆಂಟಿಬಯೋಟಿಕ್ ಕಾಯಿಲೆ ಗುಣಪಡಿಸಲು ಅಲ್ಲ. ಸೂಜಿ ಒಳಗೆ ಹೋಗುವ ಹೊತ್ತಿಗೆ ರಕ್ತದಲ್ಲಿ, ಗ್ರಂಥಿಯಲ್ಲಿ ಮದ್ದು ಕಾವಲು ಕೂತಿರಬೇಕು, ಅಷ್ಟೇ. ಕಳ್ಳ ಒಳಗೆ ಬಂದ ಮೇಲೆ ಕಾವಲುಗಾರ ಬಂದರೆ ಏನು ಬಂತು? ಅದಕ್ಕೇ ಹೊತ್ತು ಬಹಳ ಮುಖ್ಯ. ಗುಳಿಗೆಯಾದರೆ ಸಾಮಾನ್ಯವಾಗಿ ಒಂದೆರಡು ತಾಸು ಮುಂಚೆ. ಇಂಜೆಕ್ಷನ್ ಆದರೆ ಒಂದು ತಾಸಿನೊಳಗೆ. ಬೆಳಿಗ್ಗೆ ಆರಕ್ಕೆ ಊರಲ್ಲೇ ಗುಳಿಗೆ ನುಂಗಿ, ಬಸ್ಸು ತಡವಾಗಿ, ಸರದಿ ಮಧ್ಯಾಹ್ನ ಎರಡಕ್ಕೆ ಬಂದರೆ ಅದನ್ನು ನರ್ಸ್‌ಗೆ ಹೇಳಿ. ಬೇಕಾದರೆ ಮತ್ತೆ ಕೊಡುತ್ತಾರೆ.

ಬಹಳ ವರ್ಷ ಸಿಪ್ರೊಫ್ಲಾಕ್ಸಾಸಿನ್ ಒಂದೇ ಮಂತ್ರ ಆಗಿತ್ತು. ಅದು ಗ್ರಂಥಿಯೊಳಗೆ ಚೆನ್ನಾಗಿ ಇಳಿಯುತ್ತದೆ, ಅಗ್ಗ, ಗುಳಿಗೆಯಲ್ಲೇ ಸಿಗುತ್ತದೆ. ಈಗ ಪರಿಸ್ಥಿತಿ ಬದಲಾಗಿದೆ. ಯುರೋಪಿನಲ್ಲಿ 2019ರಿಂದ ಬಯಾಪ್ಸಿ ಮುಂಚಿನ ಕಾವಲಿಗೆ ಈ ಜಾತಿಯ ಔಷಧಿ ಬಳಸಲು ಒಪ್ಪಿಗೆ ಇಲ್ಲ. ಸ್ನಾಯುವಿನ ಹುರಿ ಹರಿಯುವುದು, ನರಗಳ ತೊಂದರೆ ಮುಂತಾದ ಅಡ್ಡ ಪರಿಣಾಮಗಳನ್ನು ಲೆಕ್ಕಹಾಕಿ ಹೀಗೆ ತೀರ್ಮಾನಿಸಿದರು. ನಮ್ಮಲ್ಲಿ ಇನ್ನೂ ಬರೆಯುತ್ತಾರೆ. ಬರೆದರೆ ತಪ್ಪು ಅಂತಲ್ಲ. ಆದರೆ "ನನ್ನ ಚೀಟಿ ನೋಡಿ, ನನಗೆ ಇದು ಕೆಲಸ ಮಾಡುತ್ತದಾ?" ಅಂತ ಕೇಳುವ ಹಕ್ಕು ನಿಮ್ಮದು.

ಸಿಪ್ರೊ ಬೇಡ ಅಂದರೆ ಬೇರೆ ದಾರಿ ಇವೆ. ಸೆಫ್ಟ್ರಿಯಾಕ್ಸೋನ್‌ನಂಥ ಇಂಜೆಕ್ಷನ್, ಅಮಿಕಾಸಿನ್ ಅಥವಾ ಜೆಂಟಾಮೈಸಿನ್, ನೀರಲ್ಲಿ ಕದಡಿ ಕುಡಿಯುವ 3 ಗ್ರಾಮಿನ ಫಾಸ್ಫೊಮೈಸಿನ್ ಪುಡಿ. ಕೆಲವರಿಗೆ ಎರಡು ಸೇರಿಸಿ ಕೊಡುತ್ತಾರೆ. ಕಿಡ್ನಿ ತೊಂದರೆ ಇದ್ದವರು ಅಮಿಕಾಸಿನ್, ಜೆಂಟಾಮೈಸಿನ್ ಹೆಸರು ಬಂದ ಕೂಡಲೇ ಅದನ್ನು ಹೇಳಬೇಕು.

ಸಕ್ಕರೆ ಕಾಯಿಲೆಯವರಿಗೆ ಒಂದು ಎಚ್ಚರಿಕೆ. ಗ್ಲಿಮೆಪಿರೈಡ್‌ನಂಥ ಗುಳಿಗೆ ನಡೆದಿರುವಾಗ ಸಿಪ್ರೊ ತಗೊಂಡರೆ ಸಕ್ಕರೆ ಏಕಾಏಕಿ ಇಳಿಯಬಹುದು. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಸಕ್ಕರೆ ಅಥವಾ ಬೆಲ್ಲ ಬಾಯಿಗೆ ಹಾಕಿಕೊಂಡು ಕೂಡಲೇ ಹೇಳಿ. ಇನ್ನೊಂದು, ಸಿಪ್ರೊವನ್ನು ಹಾಲು, ಮಜ್ಜಿಗೆ ಅಥವಾ ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆ, ಗ್ಯಾಸಿನ ಬಿಳಿ ಟಾನಿಕ್ ಜೊತೆ ನುಂಗಬೇಡಿ. ಅರ್ಧ ಮದ್ದು ರಕ್ತಕ್ಕೆ ಸೇರದೆ ಹೊಟ್ಟೆಯಲ್ಲೇ ಕಟ್ಟಿಹಾಕಿದಂತಾಗುತ್ತದೆ. ಮಜ್ಜಿಗೆ ಇಲ್ಲದೆ ಊಟ ಮುಗಿಯದ ನಮ್ಮ ಕಡೆಯವರಿಗೆ ಇದು ಮುಖ್ಯ.

ಎಷ್ಟು ದಿನ? ವಿಶೇಷ ಅಪಾಯ ಇಲ್ಲದವರಿಗೆ ಒಂದು ಡೋಸ್, ಹೆಚ್ಚೆಂದರೆ 24 ಗಂಟೆಯವರೆಗೆ ಸಾಕು ಅಂತ ಮಾರ್ಗಸೂಚಿಗಳು ಹೇಳುತ್ತವೆ. ಐದು ದಿನ ನುಂಗಿದರೆ ಐದು ಪಟ್ಟು ಕಾವಲು ಸಿಗುವುದಿಲ್ಲ. ಮನೆಯಲ್ಲಿ ಉಳಿದದ್ದನ್ನು ಸೇರಿಸಿ ನುಂಗುವ ಚಾಳಿ ಬೇಡವೇ ಬೇಡ.

ಮದ್ದಿನಷ್ಟೇ ಕೆಲಸಕ್ಕೆ ಬರುವ ಇನ್ನೊಂದು ಸಂಗತಿ ಪೊವಿಡೋನ್ ಅಯೋಡಿನ್. ಗಾಯಕ್ಕೆ ಹಚ್ಚುವ ಕಂದು ಬಣ್ಣದ ಮದ್ದು. ಸೂಜಿ ಹಾಕುವ ಸ್ವಲ್ಪ ಮುಂಚೆ ಅದರಿಂದ ಗುದನಾಳದ ಒಳಗನ್ನು ಒರೆಸಿದರೆ ಸೋಂಕು ಕಡಿಮೆಯಾಗುತ್ತದೆ ಅಂತ ಹಲವು ಅಧ್ಯಯನಗಳು ತೋರಿಸಿವೆ. ಇದಕ್ಕೆ ಯಾವ ಬ್ಯಾಕ್ಟೀರಿಯಾವೂ ಜಾಣತನ ತೋರಿಸಿ ತಪ್ಪಿಸಿಕೊಳ್ಳಲು ಕಲಿತಿಲ್ಲ. ಖರ್ಚೂ ಪುಡಿಗಾಸು. ಇದನ್ನು ಡಾಕ್ಟರೋ ನರ್ಸೋ ಮಾಡಬೇಕು, ಮನೆಯಲ್ಲಿ ನೀವೇ ಪ್ರಯೋಗ ಮಾಡಬೇಡಿ. ಬರೀ ಎನಿಮಾ ಕೊಟ್ಟು ಹೊಟ್ಟೆ ಖಾಲಿ ಮಾಡಿಸುವುದರಿಂದ ಸೋಂಕು ಇಳಿಯುತ್ತದೆ ಅನ್ನುವುದಕ್ಕೆ ಅಷ್ಟು ಗಟ್ಟಿ ಆಧಾರವಿಲ್ಲ.

ಮಾವನಿಗೆ ಗುದನಾಳದ ಮೂಲಕವೇ ಮಾಡಿದರು. ಅಯೋಡಿನ್ ಹಾಕಿ ಒರೆಸಿದರು, ಸ್ವಾಬ್ ನೋಡಿ ಅಮಿಕಾಸಿನ್ ಇಂಜೆಕ್ಷನ್ ಕೊಟ್ಟರು. ಜಾಗಕ್ಕೆ ಮರಗಟ್ಟಿಸುವ ಮದ್ದು ಹಾಕಿ, ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಪ್ರತಿ ಸಲ ಟಕ್ ಅಂತ ಸದ್ದು ಬರುತ್ತದೆ, ಅದಕ್ಕೆ ಬೆಚ್ಚಬೇಡಿ ಅಂತ ಮುಂಚೆಯೇ ಹೇಳಿದ್ದರು. ಮಾವ ಹನ್ನೆರಡನ್ನೂ ಎಣಿಸಿದರಂತೆ.

ಆಮೇಲಿನ ಮೂರು ರಾತ್ರಿ

ನಮ್ಮ ಪರಿಚಯದ ಇನ್ನೊಬ್ಬರ ಕಥೆ ಹೇಳಬೇಕು. ದೂರದ ಊರಿನಲ್ಲಿ ಬಯಾಪ್ಸಿ ಮಾಡಿಸಿಕೊಂಡು ಅದೇ ರಾತ್ರಿ ರೈಲಿಗೆ ವಾಪಸ್ ಬಂದಿದ್ದರು. ಎರಡನೇ ರಾತ್ರಿ ಹಲ್ಲು ಕಟಕಟ ಅನ್ನುವ ಚಳಿ, ಮೈ ಕೆಂಡ. ಊರಲ್ಲೇ ಜ್ವರದ ಇಂಜೆಕ್ಷನ್ ಮಾಡಿಸಿಕೊಂಡರು. ಜ್ವರ ಇಳಿಯಿತು, ಸಮಾಧಾನ ಆಯಿತು. ಬೆಳಗಿನ ಹೊತ್ತಿಗೆ ಮಾತು ತೊದಲಲು ಶುರುವಾಗಿತ್ತು. ಆಸ್ಪತ್ರೆಗೆ ತರುವಾಗ ಬಿಪಿ ಸಿಗುತ್ತಿರಲಿಲ್ಲ. ಅವರ ರಕ್ತದ ಕಲ್ಚರ್ ನನ್ನ ಮೇಜಿಗೇ ಬಂತು. ಅದರಲ್ಲಿ ಬೆಳೆದದ್ದು ಇ. ಕೋಲಿ. ಬಯಾಪ್ಸಿಗೆ ಮುಂಚೆ ನುಂಗಿದ್ದ ಮದ್ದಿನ ಬಿಲ್ಲೆಯನ್ನು ಅದು ಲೆಕ್ಕಕ್ಕೇ ಇಟ್ಟಿರಲಿಲ್ಲ. ಒಂಬತ್ತು ದಿನ ಐಸಿಯು. ಬದುಕಿಕೊಂಡರು.

ಹೀಗಾಗಿ ನನ್ನ ಸಲಹೆ. ಊರು ದೂರ ಇದ್ದರೆ ಬಯಾಪ್ಸಿ ಆದ ಊರಲ್ಲೇ, ಇಲ್ಲವೇ ದೊಡ್ಡ ಆಸ್ಪತ್ರೆಗೆ ಹತ್ತಿರ ಇರುವ ನೆಂಟರ ಮನೆಯಲ್ಲಿ ಎರಡು ಮೂರು ರಾತ್ರಿ ಉಳಿಯಿರಿ. ಜ್ವರ ಬರುವುದು ಹೆಚ್ಚಾಗಿ ಆ ಮೂರು ದಿನಗಳಲ್ಲೇ. ಒಂದು ವಾರದವರೆಗೂ ಕಣ್ಣಿಟ್ಟಿರಿ. ಮನೆಯಲ್ಲಿ ಥರ್ಮಾಮೀಟರ್ ಇರಲಿ. ಕೈ ಮುಟ್ಟಿ ನೋಡುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೇಸಿಗೆಯಲ್ಲಿ ಎಲ್ಲರ ಮೈಯೂ ಬಿಸಿಯೇ.

ಕೂಡಲೇ ಹೊರಡಬೇಕಾದ ಗುರುತುಗಳು ಇವು: 100.4 ಡಿಗ್ರಿ ಅಥವಾ ಹೆಚ್ಚು ಜ್ವರ, ಮೈ ನಡುಗಿಸುವ ಚಳಿ, ಮೂತ್ರ ಕಟ್ಟಿ ಹೊಟ್ಟೆ ಉಬ್ಬುವುದು, ಗಟ್ಟಿ ಗಟ್ಟಿ ರಕ್ತದ ಹೆಪ್ಪು, ಉಸಿರು ಜೋರಾಗುವುದು, ಮಂಕಾಗುವುದು, ಮಾತು ಅಡ್ಡಾದಿಡ್ಡಿ. ವಯಸ್ಸಾದವರಿಗೆ ಕೆಲವೊಮ್ಮೆ ಜ್ವರವೇ ಬರುವುದಿಲ್ಲ, ಸುಮ್ಮನೆ ಮಂಕಾಗಿ ಮಲಗಿಬಿಡುತ್ತಾರೆ. ಅದೂ ಓಡಬೇಕಾದ ಗುರುತೇ. "ಬೆಳಗಾಗಲಿ ನೋಡೋಣ" ಅನ್ನುವ ಮಾತು ಇಲ್ಲಿ ಬೇಡ. 108ಕ್ಕೆ ಫೋನ್ ಮಾಡಿ. ಊರಿನ ಕ್ಲಿನಿಕ್ಕಿಗೆ ಹೋಗಿ ಹೊತ್ತು ಕಳೆಯಬೇಡಿ, ಐಸಿಯು ಇರುವ ಕಡೆಗೇ ಹೋಗಿ. ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಬಳ್ಳಾರಿಯಲ್ಲಿ ನಾವು ಇನ್ನೂ ವಿಮ್ಸ್ ಅಂತಲೇ ಕರೆಯುವ ಮೆಡಿಕಲ್ ಕಾಲೇಜು ಆಸ್ಪತ್ರೆ, ಯಾವುದು ಹತ್ತಿರವೋ ಅದು. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ತುರ್ತು ಇದ್ದಾಗ ರೆಫರಲ್ ಚೀಟಿಗೆ ಅಲೆಯಬೇಕಿಲ್ಲ. ರೇಷನ್ ಕಾರ್ಡ್, ಆಧಾರ್ ಎರಡನ್ನೂ ಹೊರಡುವ ಚೀಲದಲ್ಲಿ ಮೊದಲೇ ಇಟ್ಟಿರಿ. ಅಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಅವರನ್ನು ಹುಡುಕಿ.

ತುರ್ತು ವಿಭಾಗದಲ್ಲಿ ಮೊದಲ ಮಾತು ಇದಾಗಿರಲಿ: "ಇಂಥ ದಿನ ಪ್ರಾಸ್ಟೇಟ್ ಬಯಾಪ್ಸಿ ಆಗಿದೆ, ಇಂಥ ಆಂಟಿಬಯೋಟಿಕ್ ಕೊಟ್ಟಿದ್ದರು." ಇಷ್ಟು ಹೇಳದಿದ್ದರೆ ಅವರು ಮಲೇರಿಯಾ, ಡೆಂಗಿ ಅಂತ ಹುಡುಕುತ್ತಾ ಕೂರಬಹುದು. ಇನ್ನೊಂದು ಮಾತು ಲ್ಯಾಬಿನವನಾಗಿ ಹೇಳುತ್ತೇನೆ. ಹೊಸ ಆಂಟಿಬಯೋಟಿಕ್ ಚುಚ್ಚುವ ಮುಂಚೆ ರಕ್ತ, ಮೂತ್ರದ ಕಲ್ಚರ್ ತೆಗೆದುಕೊಳ್ಳಬೇಕು. ಮದ್ದು ಹೋದ ಮೇಲೆ ತೆಗೆದರೆ ನಮ್ಮ ಪ್ಲೇಟಿನಲ್ಲಿ ಏನೂ ಬೆಳೆಯದೆ ಇರಬಹುದು. ಆದರೆ ಕಲ್ಚರ್ ವರದಿಗೆ ಕಾದು ಮದ್ದು ತಡಮಾಡಬಾರದು. ರಕ್ತ ತೆಗೆದ ಕೂಡಲೇ ಮದ್ದು ಶುರುವಾಗಬೇಕು.

ಹೆದರಬೇಕಿಲ್ಲದ ಸಂಗತಿಗಳೂ ಇವೆ. ಮೂತ್ರದಲ್ಲಿ, ಮಲದಲ್ಲಿ ಕೆಲವು ದಿನ ಅಲ್ಪಸ್ವಲ್ಪ ರಕ್ತ ಕಾಣಬಹುದು. ವೀರ್ಯದಲ್ಲಿ ಕೆಂಪೋ ತುಕ್ಕಿನ ಬಣ್ಣವೋ ಹಲವು ವಾರ ಇರಬಹುದು. ಇದನ್ನು ಮುಂಚೆ ಹೇಳದೆ ಇದ್ದರೆ ಪಾಪ, ಎಷ್ಟೋ ಜನ ಮನಸ್ಸಿನಲ್ಲೇ ನರಳುತ್ತಾರೆ, ಯಾರಿಗೂ ಹೇಳುವುದಿಲ್ಲ. ನೀರು ಚೆನ್ನಾಗಿ ಕುಡಿಯಿರಿ. ಹೃದಯ, ಕಿಡ್ನಿ ತೊಂದರೆ ಇದ್ದವರು ಎಷ್ಟು ಅಂತ ಕೇಳಿ ಕುಡಿಯಿರಿ. ಎರಡು ಮೂರು ದಿನ ಮೂಟೆ ಹೊರುವುದು, ಬೈಕಿನಲ್ಲಿ ಗದ್ದೆಗೆ ಹೋಗುವುದು ಬೇಡ.

ಕಲ್ಚರ್ ವರದಿಗಳನ್ನು ಬಿಸಾಕಬೇಡಿ. ಮತ್ತೊಮ್ಮೆ ಬಯಾಪ್ಸಿ ಬೇಕಾಗಬಹುದು, ಇಲ್ಲವೇ ಬೇರೆ ಯಾವುದೋ ಆಪರೇಷನ್ ಬರಬಹುದು. ನಿಮ್ಮ ಹೊಟ್ಟೆಯಲ್ಲಿ ಯಾವ ಕಳೆ ಬೆಳೆದಿದೆ ಅನ್ನುವುದಕ್ಕೆ ಅದೇ ದಾಖಲೆ. ಮಾವ ತಮ್ಮ ಸ್ವಾಬ್ ವರದಿಯನ್ನು ಪಹಣಿ ಇಟ್ಟ ಟ್ರಂಕಿನಲ್ಲಿ ಪ್ಲಾಸ್ಟಿಕ್ ಹಾಕಿ ಇಟ್ಟಿದ್ದಾರೆ. ಮೊನ್ನೆ ಭೇದಿ ಆದಾಗ ಊರಿನ ಮೆಡಿಕಲ್ ಅಂಗಡಿಯವನು ಮತ್ತೆ ಅದೇ ಪಟ್ಟಿ ತೆಗೆದನಂತೆ. "ಅದು ನನಗ ಹತ್ತಂಗಿಲ್ಲಪ, ಲ್ಯಾಬಿನಾಗ ಬರಕೊಟ್ಟಾರ. ಓಆರ್‌ಎಸ್ ಕೊಡು" ಅಂದು ಎರಡು ಪಾಕೀಟು ತಗೊಂಡು ಬಂದರಂತೆ.